ಕೆಡಲಾರದ ಮಗ್ಗ, ಮೂರು ಹೆಸರು

ಕೂಡಿ ಸಂಶೋಧನೆ ಮಾಡೂದಂದ್ರ, ಸಂಶೋಧನೆ ಒಂದ ಬಿಟ್ಟು ಉಳಿದದ್ದೆಲ್ಲಾ ಆಗ್ತಿರ್ತೈತಿ. ನಾ ಗಡಹಿಂಗ್ಲಜದ ಒಂದ ಕಾಲೇಜಿನ್ಯಾಗ ಸಮಾಜಶಾಸ್ತ್ರ ಕಲಸ್ತೇನಿ. ಬಡ್ತಿ ಬೇಕಂದ್ರ ಒಂದ ಪ್ರಬಂಧ ಅಚ್ಚಾಗಬೇಕು, ಅದರಾಗ ಮೊದಲನೇ ಹೆಸರು ನಂದ ಇರಬೇಕು ಅಂತ ಪ್ರಿನ್ಸಿಪಾಲರು ಹೇಳಿದ್ರು. ಮಂದಿ ಮತ್ತ ಯಂತ್ರದ ಸಂಬಂಧದ ಮ್ಯಾಲ ಕೆಲಸ ಮಾಡೋ ಕೊಲ್ಲಾಪುರದ ಪ್ರೊಫೆಸರ್ ಮ್ಯಾಡಮ್ ಒಬ್ಬರಿದ್ರು. ಅವರನ್ನ ಕೇಳಿದೆ. "ಕೂಡಿ ಮಾಡೂಣ್ರಿ, ಮೊದಲನೇ ಹೆಸರು ನಿಮ್ದ ಇರ್ಲಿ" ಅಂದ್ರು. ವಿಷಯ ಪವರ್‌ಲೂಮ್. ಯಾವ ಪುಸ್ತಕಾನೂ ನೋಡಲಾರದ ಮಂದಿ ಕೆಟ್ಟ ಮಗ್ಗ ಹೆಂಗ ರಿಪೇರಿ ಮಾಡ್ತಾರ ಅನ್ನೂದು.

೧. ಪಾವಣ್ಯಾರು

ಇಚಲಕರಂಜಿ ಹತ್ತರ ಕೊರೋಚಿಯೊಳಗ ಹನ್ನೆರಡು ಮಗ್ಗದ ಒಂದ ಶೆಡ್. ಮಾಲಕರು ಭಾಳ ಚಲೋ ಮನುಷ್ಯಾರು. ಅತಿಥಿಗಳು ಬಂದಂಗ ಖುರ್ಚಿ ಹಾಕಿಸಿದ್ರು, ಚಹಾ ತರಿಸಿದ್ರು. ನಾವು ವಹಿ ತಗದು ಕುಂತ್ವಿ, ಒಂದರ ಮಗ್ಗ ಕೆಡ್ತೈತೇನು ಅಂತ. ಒಂದ ವಾರ ಹೋತು. ಒಂದೂ ಕೆಡಲಿಲ್ಲ.

ಕಡೀಕ ನಾನ ಮಾಲಕರನ್ನ ಬಾಜೂಕ ಕರದು, ಒಂದೂ ಮಗ್ಗ ಯಾಕ ಕೆಡವಲ್ದು ಅಂತ ಕೇಳಿದೆ. "ಏನ್ ಮಾತ್ರೀ ಸರ" ಅಂದ್ರು. "ಕೊಲ್ಲಾಪುರದಿಂದ ಪಾವಣ್ಯಾರು ಬರಾಕತ್ತಾರಂದ್ರ ಕೆಟ್ಟ ಮಗ್ಗ ತೋರಿಸ್ಲೇನು? ನಾಕ ದಿವಸ ಮೊದಲ ಎಲ್ಲಾ ಬಿಚ್ಚಿಸಿ ಸಾಫ್ ಮಾಡಿಸೇನಿ. ಹಸರ ಬಣ್ಣಾನೂ ಹಚ್ಚಿಸೇನಿ, ನೋಡಿಲ್ಲೇನ್ರಿ?"

ನೋಡಿದ್ವಿ. ಮಗ್ಗದ ಮ್ಯಾಲಿನ ಪ್ರೀತಿಗೆ ಹಸರ ಬಣ್ಣ ಗುರುತು ಅಂತ ಮ್ಯಾಡಮ್ಮಾರು ಆಗಲೇ ನಾಕ ಪುಟ ಬರದಿದ್ರು.

೨. ಒಂದ ನಟ್ಟು

ಮಗ್ಗ ರಿಪೇರಿ ಮಾಡಾಂವಗ ಇಲ್ಲಿ ಜಾಬರ್ ಅಂತಾರ. ಆ ಶೆಡ್ಡಿನ ಜಾಬರ್‌ಗೆ ಎಲ್ಲಾರೂ ಮಾಮಾ ಅಂತಿದ್ರು. ನಮ್ಮ ಮಾರಿ ನೋಡಿ ಮಾಮಾಗ ಕನಿಕರ ಬಂತು. "ನಿಮಗ ಕೆಟ್ಟದ್ದ ಬೇಕಲ್ರಿ ಸರ? ಚಹಾ ಕುಡದ ಬರ್ರಿ" ಅಂದ. ಬರೂದ್ರಾಗ ಒಂದ ಮಗ್ಗ ಬಂದ್ ಆಗಿತ್ತು.

"ಈಗ ಹುಡುಕ್ರಿ" ಅಂದ.

ಒಂದ ತಾಸು ಹುಡುಕಿದ್ವಿ. ನನ್ನ ಅಂಗಿಗೆ ಎಣ್ಣಿ ಹತ್ತಿತು, ಮತ್ತೇನೂ ಸಿಗಲಿಲ್ಲ. ಆಮ್ಯಾಲೆ ಮಾಮಾ ಮ್ಯಾಡಮ್ಮಾರ ಕೈ ಹಿಡದು ಒಂದ ಸಲ ಚಲೋ ಮಗ್ಗದ ಮ್ಯಾಲ ಇಟ್ಟ, ಒಂದ ಸಲ ತಾನ ನಟ್ಟು ಸಡಿಲ ಮಾಡಿದ್ದ ಆ ಮಗ್ಗ ಚಾಲೂ ಮಾಡಿ ಅದರ ಮ್ಯಾಲ ಇಟ್ಟ. "ಚಲೋದು ಗೊತ್ತಿದ್ರ ಕೆಟ್ಟದ್ದು ತಾನ ಗೊತ್ತಾಗ್ತೈತ್ರಿ. ಮೊದಲ ಕೈ, ಆಮ್ಯಾಲೆ ಕಿವಿ, ಕಡೀಕ ಕಣ್ಣು." ನಮ್ಮ ಪ್ರಬಂಧದ ಮೂರೂ ಭಾಗ ಅಲ್ಲೇ ಮುಗದ್ವು. ಅವತ್ತಿನ ನನ್ನ ವಹಿಯೊಳಗ ಒಂದ ಸಾಲು ಐತಿ: ನಟ್ಟು ಸಡಿಲ ಇತ್ತು, ನಮಗ ಕಾಣಲಿಲ್ಲ.

೩. ಹೆಸರು ಮುಚ್ಚೂದು

ಮಾಹಿತಿ ಕೊಟ್ಟವರ ಹೆಸರು ಮುಚ್ಚಿಡಬೇಕು ಅಂತ ನಿಯಮ. "ಮಾಮಾ, ನಿಮ್ಮ ಹೆಸರು ಯಾರಿಗೂ ಗೊತ್ತಾಗೂದಿಲ್ಲ, ಕಾಳಜಿ ಮಾಡಬ್ಯಾಡ್ರಿ" ಅಂದೆ.

"ಯಾಕ್ರಿ? ನಾ ಏನ್ ಕಳವು ಮಾಡೇನೇನು?"

ಮಾಮಾಗ ತನ್ನ ಹೆಸರು ಬೇಕಾಗಿತ್ತು. ಹೆಸರು ಅಚ್ಚಾಗಬೇಕಂದ್ರ ಒಂದ ದಾರಿ, ಮಾಮಾನೂ ಲೇಖಕ ಆಗಬೇಕು. ಮೂರನೇ ಹೆಸರು ಮಾಮಾಂದು ಅಂತ ಠರಾವಾತು. ಯಾವ ಸಂಸ್ಥೆ ಅನ್ನೋ ಜಾಗಾದಾಗ ಶೆಡ್ಡಿನ ವಿಳಾಸ ಹಾಕಿದ್ವಿ. ಮಾಲಕರು ಅವತ್ತ ಎಲ್ಲಾರಿಗೂ ಪೇಢೆ ಹಂಚಿ, ಮರುದಿವಸ ಶೆಡ್ಡಿನ ಬೋರ್ಡಿಗೆ 'ಸಂಶೋಧನಾ ಕೇಂದ್ರ' ಅಂತ ಬರಸಿದ್ರು.

೪. ಯಾರು ಏನು ಮಾಡಿದ್ರು

ಪ್ರಬಂಧ ಕಳಿಸಿದ್ದ ಪತ್ರಿಕೆಯವರು ಒಂದ ಫಾರ್ಮ್ ಕಳಿಸಿದ್ರು. ಯಾವ ಲೇಖಕರು ಏನು ಮಾಡಿದ್ರು ಬರೀರಿ, ಕೆಲಸಾ ನೋಡಿ ಹೆಸರು ಮುಂದ ಹಿಂದ ಮಾಡ್ತೇವಿ ಅಂತ. ಮ್ಯಾಡಮ್ಮಾರು, "ಮಾಮಾ ಹೇಳ್ಲಿ, ಸರ ಬರಕೊಳ್ಳಲಿ" ಅಂದ್ರು.

"ಮಗ್ಗ ಕೆಡಿಸಿದ್ದು ನಾ, ರಿಪೇರಿ ಮಾಡಿದ್ದು ನಾ, ಹೆಂಗ ಅಂತ ಹೇಳಿದ್ದೂ ನಾ" ಅಂದ ಮಾಮಾ. "ಪ್ರಶ್ನೆ ಕೇಳಿ ಇಂಗ್ಲೀಷಿನ್ಯಾಗ ಬರದದ್ದು ಮ್ಯಾಡಮ್ಮಾರು."

"ಮತ್ತ ನಾ?"

ಮಾಮಾ ಫಾರ್ಮಿನ ಮ್ಯಾಲ ಬೆರಳಿಟ್ಟ. "ಸರ ಮ್ಯಾಡಮ್ಮಾರನ್ನ ಕರಕೊಂಡ ಬಂದ್ರು."

ಸುಳ್ಳಂತೂ ಇರಲಿಲ್ಲ. ಹಂಗ ಬರಕೊಂಡು ಸಹಿ ಮಾಡಿದೆ. ಪ್ರಬಂಧ ಅಚ್ಚಾತು. ಮೊದಲನೇ ಹೆಸರು ಮಾಮಾಂದು, ಕಡೀದು ನಂದು.

೫. ಪತ್ರ

ಬಡ್ತಿ ಹೋತು ಅಂತ ಕುಂತಿದ್ದೆ. ಪ್ರಿನ್ಸಿಪಾಲರು ನಿಯಮದ ಪುಸ್ತಕ ಮತ್ತೊಮ್ಮೆ ನೋಡಿ, "ಕಡೀ ಹೆಸರಾದ್ರೂ ನಡೀತೈತಿ. ಆದ್ರ ನಿಮ್ಮ ಕೆಲಸದ ಬಗ್ಗೆ ಮೊದಲನೇ ಲೇಖಕರು ಪತ್ರ ಕೊಡಬೇಕು" ಅಂದ್ರು. "ಯಾವ ಕಾಲೇಜಿನವರು ಅವರು?"

"ಕೊರೋಚಿಯವರ್ರಿ. ಸಂಶೋಧನಾ ಕೇಂದ್ರ" ಅಂದೆ. ಬೋರ್ಡಿನ ಮ್ಯಾಲ ಹಂಗ ಐತಿ.

ಎಸ್ಟಿ ಬಸ್ ಹಿಡದು ಕೊರೋಚಿಗೆ ಹೋದೆ. ಮಾಮಾ ಮಗ್ಗದ ಕೆಳಗ ಮಲಗಿ ನಟ್ಟು ಬಿಗಿ ಮಾಡಾಕತ್ತಿದ್ದ. ಅಲ್ಲಿಂದ ಹೊರಗ ಬರಲಿಲ್ಲ. "ಹೇಳ್ತೇನಿ, ಬರಕೊಳ್ರಿ ಸರ" ಅಂದ. ನನ್ನ ಬಗ್ಗೆ ನಾನ ಬರಕೊಂಡೆ:

"ಈ ಸರ ದಿನಾ ವ್ಯಾಳ್ಯಾಕ್ಕ ಬರ್ತಿದ್ರು. ಹೇಳಿದ್ದನ್ನ ಹೇಳಿದಂಗ ಬರಕೋತಾರ. ಮಗ್ಗಕ್ಕ ಏನೂ ಧಕ್ಕಿ ಮಾಡಿಲ್ಲ."

ಮಾಮಾ ಎಣ್ಣಿ ಕೈಲೆ ಸಹಿ ಮಾಡಿದ. ಬಡ್ತಿ ಕಮಿಟಿಯವರು ಎರಡೆರಡು ಸಲ ಓದಿದ್ರು. ನಮ್ಮ ಕಾಲೇಜಿನ್ಯಾಗ ಮತ್ಯಾರ ಬಗ್ಗೇನೂ ಇಷ್ಟ ಚಲೋ ಪತ್ರ ಬಂದಿಲ್ಲ ಅಂತ ಹೇಳಿ ಬಡ್ತಿ ಕೊಟ್ರು.