ಹಲ್ಲು ಕಡಿಯುವ ಕಾರು

ಊರವರ ತಪ್ಪು ಹುಡುಕುವುದನ್ನೇ ಕಸುಬು ಮಾಡಿಕೊಂಡವನಿಗೆ ತನ್ನ ತಪ್ಪು ಕಣ್ಣಿಗೆ ಬೀಳಬೇಕಾದರೆ, ಅದು ಎದುರಿಗೆ ಬಂದು ನಿಂತು ನಮಸ್ಕಾರ ಹೇಳಬೇಕು. ನಾನು ಶಿಕಾರಿಪುರದ ಕೋರ್ಟಿನಲ್ಲಿ ವಕೀಲ. ಎದುರು ಪಕ್ಷದ ಸಾಕ್ಷಿಯ ಬಾಯಿಂದ ನಿಜ ಹೊರಡಿಸಿದವನೆಂದು ನಾಲ್ಕು ಜನರೆದುರು ಹೇಳಿಕೊಳ್ಳುವವನು. ಅಂಥ ನನ್ನನ್ನು ಒಂದು ಹಳೆಯ ಕಾರು ಮೂರು ತಿಂಗಳು ಆಡಿಸಿತು.

ವಿಲಾಯಿತಿಯ ಕರಿಯ ಕಾರು. ಮನೆಗೆ ಬಂದ ದಿನವೇ ಪೂಜೆ ಮಾಡಿ, ಮೂತಿಗೆ ಕುಂಕುಮ ಹಚ್ಚಿದೆವು. 'ಕುಂಕುಮ ಹಚ್ಚಿದ್ದಕ್ಕೆ ಕೆರ ಸೋಕಿಸಬಾರದು' ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಅವಳು ಹೇಳಿದ್ದು ನೇಗಿಲಿನ ವಿಷಯಕ್ಕೆ, ಆದರೆ ಮಾತು ಮಾತೇ. ಆದ್ದರಿಂದ ನಾನು ಚಪ್ಪಲಿ ಕಳಚಿಟ್ಟು ಬರಿಗಾಲಿನಲ್ಲೇ ಕಾರು ಹತ್ತುವುದು. ಎಂಜಿನ್ನಿನ ಕಾವು ತಳದಿಂದ ಹಾಯ್ದು ಅಂಗಾಲು ಸುಡತೊಡಗಿತು. ಕುರಿ ಸಾಕುವ ಕಕ್ಷಿದಾರನೊಬ್ಬನಿಂದ ದಪ್ಪನೆಯ ಕಂಬಳಿ ತರಿಸಿ, ನಾಲ್ಕು ಮಡಿಕೆ ಮಾಡಿ ಕಾಲ ಕೆಳಗೆ ಹಾಸಿಕೊಂಡೆ. ಧರ್ಮವೂ ಉಳಿಯಿತು, ಪಾದವೂ ಉಳಿಯಿತು.

ಉಳಿಯದೆ ಹೋದದ್ದು ಗೇರು. ಮೊದಲನೆಯ ಗೇರಿಗೆ ಕೈ ಹಾಕಿದರೆ ಸಾಕು, ಕಾರು 'ಕರ್ರ್' ಎಂದು ಹಲ್ಲು ಕಡಿಯುತ್ತಿತ್ತು. ಎಂಜಿನ್ ಆರಿಸಿ, ಗೇರು ಹಾಕಿ, ಹಿಂದಿನಿಂದ ನಾಲ್ವರು ತಳ್ಳಿದರೆ ಮಾತ್ರ ಹೊರಡುವುದು. ಗುಮಾಸ್ತ ಎಣ್ಣೆ ಬದಲಿಸಿ ಎಂದ, ಬದಲಿಸಿದೆ. ಪಕ್ಕದ ಮನೆಯ ಜೋಯಿಸರು ದೃಷ್ಟಿ ತಾಗಿದೆ ಎಂದರು, ನಿಂಬೆಹಣ್ಣು ಕಟ್ಟಿದೆ. ನಿಂಬೆಹಣ್ಣು ಒಣಗಿತೇ ಹೊರತು ಗೇರು ಬೀಳಲಿಲ್ಲ.

ಬಸ್ಸುಗಳ ರಿಪೇರಿ ಮಾಡುವ ಖಾದರ್ ಸಾಬರಿಗೆ ಹೇಳಿಕಳಿಸಿದೆ. ದೊಡ್ಡ ಮನುಷ್ಯ ಅವರು. ಎಣ್ಣೆಗಾಲು ತಾಗೀತೆಂದು ನನ್ನ ಕಂಬಳಿಯನ್ನು ಎತ್ತಿ ಜೋಪಾನವಾಗಿ ಹಿಂದಿನ ಸೀಟಿನ ಮೇಲಿಟ್ಟು ಕೂತರು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಗೇರು ಬಿತ್ತು! ಊರು ಸುತ್ತಿ ಬಂದು, ಕಂಬಳಿಯನ್ನು ಮೊದಲಿನಂತೆಯೇ ಹಾಸಿಕೊಟ್ಟು ಇಳಿದರು. ನಾನು ಕೂತೆ. ಕರ್ರ್.

"ಗಾಡಿಗೆ ಏನೂ ಆಗಿಲ್ರೀ ವಕೀಲ್ರ. ನಿಮ್ ಕೈಯಾಗ ಐತಿ ಏನೋ."

"ಇಪ್ಪತ್ತು ವರ್ಷ ಕಡತ ಹಿಡಿದ ಕೈ ಕಣ್ರೀ ಇದು!"

"ಅದಕ್ಕ ಮತ್ತ. ಗೇರು ವಾಯಿದೆ ಕೇಳಂಗಿಲ್ರೀ."

ಮೂರು ಸಲ ಕರೆಸಿದೆ. ಮೂರು ಸಲವೂ ಇದೇ ಕಥೆ.

ಅಷ್ಟರಲ್ಲಿ ಗೌರಿ ಹಬ್ಬ ಬಂತು. ನನ್ನ ಹೆಂಡತಿ ಕಮಲಳ ತವರು ಸೊರಬ. ಈ ಸಲ ಕಾರಿನಲ್ಲೇ ಬರುತ್ತೇವೆಂದು ಅವಳು ಕಾಗದ ಬರೆದಾಗಿತ್ತು. ಅವಳ ಅಣ್ಣನ ಹೆಂಡತಿ, ಅಂದರೆ ಅತ್ತಿಗೆ, 'ಬನ್ನಿ ಬನ್ನಿ, ತಳ್ಳಲಿಕ್ಕೆ ಜನ ಮಾಡಿ ಇಟ್ಟಿರ್ತೇವೆ' ಎಂದು ಉತ್ತರ ಬರೆದಿದ್ದರು. ಸುದ್ದಿ ಕಾರಿಗಿಂತ ಮುಂಚೆ ಹೋಗಿ ಮುಟ್ಟಿತ್ತು.

"ನೋಡ್ರೀ, ಅತ್ತಿಗೆ ಎದುರಿಗೆ ಕಾರು ತಳ್ಳಿಸಿದ್ರೆ ನಾನು ಇನ್ನು ಆ ಮನೆ ಮೆಟ್ಟಿಲು ಹತ್ತಲ್ಲ" ಎಂದಳು ಕಮಲ. ತಮಾಷೆಗೆ ಹೇಳಿದ್ದಲ್ಲ, ಕಣ್ಣಲ್ಲಿ ನೀರಿತ್ತು.

ನಮ್ಮ ಬೀದಿಯವರು ತಳ್ಳಿ ಕಳಿಸಿದರು. ಶಿರಾಳಕೊಪ್ಪದ ಹತ್ತಿರ ಮಳೆ ಹಿಡಿಯಿತು. ಮುರಿದ ಕಿಟಕಿಯಿಂದ ಎರಚಲು ಬಡಿದು ತನ್ನ ಅಮ್ಮನಿಗೆ ಕೊಡುವ ಬಾಗಿನದ ಮೊರ ನೆನೆಯುತ್ತದೆಂದು, ಕಮಲ ನನ್ನ ಕಾಲ ಕೆಳಗಿನ ಕಂಬಳಿಯನ್ನು ಎಳೆದು ಅದರ ಮೇಲೆ ಹೊದಿಸಿದಳು. ಮುಂದೆ ದಾರಿಗೆ ಅಡ್ಡ ಬಂದ ಎಮ್ಮೆಗಳಿಗಾಗಿ ನಿಲ್ಲಿಸಬೇಕಾಯಿತು. ದೇವರನ್ನು ನೆನೆದು ಗೇರಿಗೆ ಕೈ ಹಾಕಿದೆ. ಬಿತ್ತು! ಮತ್ತೆ ಹಾಕಿದೆ, ಮತ್ತೆ ಬಿತ್ತು!

ನನ್ನ ಕೈಗೆ ಹದ ಸಿಕ್ಕಿತೆಂದೇ ನಾನು ತಿಳಿದೆ. ಸೊರಬದಲ್ಲಿ ಹೋಳಿಗೆ ಊಟದ ಮೇಲೆ ಜಗಲಿಯಲ್ಲಿ ಕೂತು, ಕೇಳಿದವರಿಗೂ ಕೇಳದವರಿಗೂ ಒಂದು ಗಂಟೆ ಉಪನ್ಯಾಸ ಕೊಟ್ಟೆ: "ಗೇರನ್ನು ಗದರಿಸಬಾರದು, ಒಲಿಸಿಕೊಳ್ಳಬೇಕು. ಎಲ್ಲ ಕೈಯಲ್ಲಿದೆ."

ಹೊರಡುವಾಗ ಇಡೀ ಮನೆ ಅಂಗಳದಲ್ಲಿ ನಿಂತಿತ್ತು. ಮಳೆ ಬಿಟ್ಟು ಸುಡುಬಿಸಿಲು. "ನಿಮಗೆ ಕಾಲು ಸುಡತ್ತೆ" ಎಂದು ಕಮಲ ಅಕ್ಕರೆಯಿಂದ ಕಂಬಳಿ ಮಡಿಸಿ ಮೊದಲಿನ ಜಾಗಕ್ಕೆ ಹಾಸಿದಳು. ನಾನು ಕೈಬೀಸಿ, ನಗುತ್ತಾ, ಗೇರು ಹಾಕಿದೆ.

ಕರ್ರ್.

"ವಕೀಲರು ಇನ್ನೂ ಒಲಿಸ್ತಾ ಇದಾರೇನೇ ಕಮಲಾ?" ಎಂದರು ಅತ್ತಿಗೆ. ಹಿಂದೆ ಇಬ್ಬರು ಆಗಲೇ ಪಂಚೆ ಮೇಲೆ ಕಟ್ಟುತ್ತಿದ್ದರು.

ಕಮಲಳ ಮುಖ ನೋಡಲಾರದೆ ತಲೆ ತಗ್ಗಿಸಿದೆ. ಆಗ ಕಂಡಿತು. ನನ್ನ ಎಡಗಾಲು ಕ್ಲಚ್ಚನ್ನು ಒತ್ತುತ್ತಿದೆ, ಕ್ಲಚ್ಚು ಕಂಬಳಿಯ ಮಡಿಕೆಗೆ ತಾಗಿ ಅರ್ಧದಲ್ಲೇ ನಿಂತಿದೆ! ಪೂರ್ತಿ ಕೆಳಗಿಳಿಯದ ಕ್ಲಚ್ಚಿಗೆ ಗೇರು ಹೇಗೆ ಬಿದ್ದೀತು? ಖಾದರ್ ಸಾಬರು ಎತ್ತಿಟ್ಟದ್ದು, ಬಾಗಿನಕ್ಕೆ ಹೊದಿಸಿದ್ದು, ಎಲ್ಲ ಸಾಕ್ಷಿಗಳೂ ಸಾಲಾಗಿ ಬಂದು ನಿಂತವು. ಆದರೆ ಆ ಉಪನ್ಯಾಸದ ಮೇಲೆ ಇದನ್ನು ಬಾಯಿಬಿಟ್ಟು ಹೇಳುವುದು ಹೇಗೆ?

ಕಂಬಳಿ ಎಳೆದು ಕಮಲಳ ಮಡಿಲಿಗೆ ಹಾಕಿದೆ. "ಚಳಿ ಅಂದ್ಯಲ್ಲ, ಹೊದ್ಕೊ."

"ನಾನೆಲ್ಲಿ ಅಂದೆ?" ಎಂದವಳು ನನ್ನ ಕಾಲು ನೋಡಿದಳು, ಕ್ಲಚ್ಚು ನೋಡಿದಳು. ಆ ಬಿಸಿಲಿನಲ್ಲೇ ಕಂಬಳಿಯನ್ನು ಕಿವಿಯವರೆಗೆ ಹೊದ್ದು, "ಹೌದು ಅತ್ತಿಗೆ, ಯಾಕೋ ಸ್ವಲ್ಪ ಚಳಿ" ಎಂದಳು. ಗೇರು ಬಿತ್ತು. ಪಂಚೆ ಕಟ್ಟಿದವರು ಮೋಸಹೋದವರಂತೆ ನಿಂತರು.

ಊರ ಗಡಿ ದಾಟುವವರೆಗೆ ಅವಳು ಬೆವರುತ್ತಾ ಕೂತಿದ್ದಳು. ಕಂಬಳಿಯ ಮಾತನ್ನು ಇವತ್ತಿಗೂ ಎತ್ತಿಲ್ಲ. ಆದರೆ ನಾನು ಊಟಕ್ಕೆ ಕೂತು, ಸಾರಿಗೆ ಉಪ್ಪು ಹೆಚ್ಚಾಯಿತು ಎಂದರೆ ಸಾಕು, ಅವಳು ಸೌಟು ಹಿಡಿದುಕೊಂಡೇ ಬಗ್ಗಿ, ನಾನು ಕೂತ ಮಣೆಯ ಕೆಳಗೆ ಏನಿದೆ ಎಂದು ನೋಡುತ್ತಾಳೆ.