ಸೋಲಾರ್ ಬಿಟ್ಟು ವಾಸ್ತುಶಾಂತಿಗೆ ಹೋದದ್ದು

ಮಾಳಿಗೆಯ ಮೇಲೆ ಸೋಲಾರ್ ಹಾಕಿಸಿದವನು ಮನೆ ಬಿಟ್ಟು ಪರವೂರಿಗೆ ಹೋಗಬಾರದು. ಈ ಮಾತನ್ನು ನಾನು ಮೊದಲೂ ಹೇಳಿದ್ದೆ, ನರಗುಂದದ ಪ್ರಸಂಗ ಆದಮೇಲೂ ಹೇಳುತ್ತೇನೆ. ನಗುವವರು ನಗಲಿ. ಅವರ ಹಲ್ಲು ಎಲ್ಲರಿಗೂ ಕಾಣುತ್ತದೆಯೇ ಹೊರತು ನನ್ನ ಮಾತೇನೂ ಸುಳ್ಳಾಗುವುದಿಲ್ಲ.

ನಾನು ರಾಘವೇಂದ್ರ. ರೋಣದ ಬ್ಯಾಂಕೊಂದರಲ್ಲಿ ಕ್ಯಾಶಿಯರ್ ಆಗಿ ನಿವೃತ್ತನಾದವನು. ತಿಜೋರಿಯ ಕೀಲಿ ಜೇಬಿನಲ್ಲಿದೆಯೋ ಇಲ್ಲವೋ ಎಂದು ಊಟದ ನಡುವೆಯೂ ಮುಟ್ಟಿ ನೋಡಿಕೊಂಡವನು. ನಿವೃತ್ತಿಯಾದ ಮೇಲೆ ಕಾಯಲು ಏನೂ ಇಲ್ಲದೆ ಕೈಕಾಲು ಜೋಮು ಹಿಡಿದಂತಾಗಿತ್ತು. ಅಷ್ಟರಲ್ಲಿ ಸೋಲಾರ್ ಬಂತು. (ಹಳಗನ್ನಡ ಬಲ್ಲವರು ಅರ್ಥ ಮಾಡಿಕೊಳ್ಳಲಿ: ಸೋಲಾರ್ ಎಂದರೆ ಸೋಲಲಾರದವರು!) ಫಲಕಗಳು ಮಾಳಿಗೆಯ ಮೇಲೆ, ಬ್ಯಾಟರಿ ಮತ್ತು ಇನ್ವರ್ಟರ್ ಪಡಸಾಲೆಯ ಮೂಲೆಯಲ್ಲಿ, ಎಷ್ಟು ಕರೆಂಟ್ ಹುಟ್ಟಿತು ಎಷ್ಟು ಖರ್ಚಾಯಿತು ಎಂದು ಗೆರೆ ಎಳೆದು ತೋರಿಸುವ ಆ್ಯಪ್ ನನ್ನ ಮೊಬೈಲಿನಲ್ಲಿ. ಸಾಕ್ಷಾತ್ ಸೂರ್ಯನಾರಾಯಣನೇ ನನ್ನ ಮನೆಗೆ ಚಾಕರಿಗೆ ಬಂದು ನಿಂತಂತಾಯಿತು. ದಿನಾ ಬೆಳಿಗ್ಗೆ ಫಲಕಗಳ ಮೇಲೆ ಒಣ ಬಟ್ಟೆ ಆಡಿಸುವುದು (ನೀರು ಮುಟ್ಟಿಸುವುದಿಲ್ಲ, ಕರೆಂಟ್ ಇದ್ದಲ್ಲಿ ನೀರಿಗೇನು ಕೆಲಸ?), ಇನ್ವರ್ಟರ್ ‘ಕೀಂ’ ಎಂದರೆ ಕೈತುತ್ತು ಬಿಟ್ಟು ಓಡುವುದು, ಹೀಗೆ ನನ್ನ ದಿನ ತುಂಬಿಹೋಗುತ್ತಿತ್ತು.

ಇಂಥ ಸುಖಕ್ಕೆ ಅಡ್ಡ ಬಂದವಳು ನನ್ನ ಧರ್ಮಪತ್ನಿ ಇಂದಿರಾಬಾಯಿ. ಗಜೇಂದ್ರಗಡದ ಮದುವೆಗೆ ನಾನು ಹೋಗಲಿಲ್ಲ, ನರಗುಂದದ ಮುಂಜಿವೆಗೂ ಹೋಗಲಿಲ್ಲ ಎಂಬುದು ಅವಳ ಫಿರ್ಯಾದು.

“ಅಲ್ರೀ, ಎಮ್ಮಿ ಕಟ್ಟಿದವರೂ ಊರಿಗೆ ಹೋಗಿ ಬರ್ತಾರ. ನೀವು ಒಂದು ಡಬ್ಬಿ ಕಟ್ಟಿಕೊಂಡು ಕೂತೀರಲ್ಲ!”

“ಎಮ್ಮಿ ಹಸಿವಾದ್ರ ಒದರ್ತದ. ಇದು ಮೂಕಪ್ರಾಣಿ.”

“ಮೂಕಪ್ರಾಣಿ? ದಿನಾ ಕೀಂ ಕೀಂ ಅಂತ ಒದರೋದು ಮತ್ಯಾರು, ನಾನೇನು?”

ಕೊನೆಗೆ ಅವಳ ತಮ್ಮ ಜಯಂತ ನರಗುಂದದಲ್ಲಿ ಹೊಸ ಮನೆ ಕಟ್ಟಿಸಿದ. ವಾಸ್ತುಶಾಂತಿಗೆ ಐದು ದಿನ ಮೊದಲೇ ಬಂದು ಇರಬೇಕೆಂದು ಕರೆ ಬಂತು. ಇಂದಿರಾಬಾಯಿ ಸೀರೆಯ ಸೆರಗು ಸೊಂಟಕ್ಕೆ ಸಿಗಿಸಿ ನಿಂತಳು.

“ಈ ಸಲ ನೀವು ಬರದಿದ್ರ ನಾನೂ ತಿರುಗಿ ಬರೂದಿಲ್ಲ. ಆ ಇನ್ವರ್ಟರ್ ಕಡಿಂದನೇ ಭಕ್ಕರಿ ಬಡಿಸ್ಕೊಂಡು ತಿನ್ರಿ.”

ಹೆದರಿ ಒಪ್ಪಿದೆ ಎಂದು ಯಾರೂ ತಿಳಿಯಬಾರದು. ಇನ್ವರ್ಟರಿಗೆ ಭಕ್ಕರಿ ಬಡಿಯಲು ಬರುವುದಿಲ್ಲ ಎಂಬ ತಾಂತ್ರಿಕ ಕಾರಣಕ್ಕೆ ಒಪ್ಪಿದೆ. ಐದು ದಿನ ಕೂಡದು, ವಾಸ್ತುಶಾಂತಿಯ ಹಿಂದಿನ ದಿನ ಹೋಗೋಣ, ಉಳಿದ ದಿನ ಆಮೇಲೆ ಇರೋಣ ಎಂದೆ. ಇನ್ನೊಂದು ಶರತ್ತನ್ನೂ ಹಾಕಿದೆ. ಮನೆಯ ಕೀಲಿ ಯಾರ ಕೈಗೂ ಹೋಗಕೂಡದು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಓಣಿಯಲ್ಲಿ ಯಾರು ಊರಿಗೆ ಹೋದರೂ ಕೀಲಿಯನ್ನು ಪಕ್ಕದ ಮನೆಯ ಮುಮತಾಜಬಿಯ ಕೈಗೆ ಕೊಟ್ಟು ಹೋಗುವ ಪದ್ಧತಿ. ಅವಳ ಬಾಗಿಲ ಹಿಂದೆ ಸಾಲು ಮೊಳೆಗಳು, ಮೊಳೆಗೊಂದು ಕೀಲಿ. ಹಾಲು ತೆಗೆದಿಡುವವಳು ಅವಳೇ, ತುಳಸಿಗೆ ನೀರು ಹಾಕುವವಳೂ ಅವಳೇ. ಓಣಿಗೆ ಓಣಿಯೇ ತನ್ನ ಮನೆಗಳನ್ನು ಒಂದು ಸಾಲು ಮೊಳೆಗೆ ನೇತುಹಾಕಿ ನಿಶ್ಚಿಂತೆಯಿಂದ ತಿರುಗುವುದನ್ನು ಕಂಡು ನನ್ನೊಳಗಿನ ಕ್ಯಾಶಿಯರ್ ಎಷ್ಟೋ ಸಲ ಬೆವತಿದ್ದಾನೆ. ನನ್ನ ಕೀಲಿ, ಇಂದಿರಾಬಾಯಿಯ ಕೀಲಿ ಎರಡನ್ನೂ ಜನಿವಾರಕ್ಕೆ ಕಟ್ಟಿಕೊಂಡು, ಬೀಗವನ್ನು ಜಗ್ಗಿ ನೋಡಿ, ಮತ್ತೆ ಜಗ್ಗಿ ನೋಡಿ, ನರಗುಂದದ ಬಸ್ಸು ಹತ್ತಿದೆ. ಇಂದಿರಾಬಾಯಿ ತುಟಿಪಿಟಕ್ಕೆನ್ನಲಿಲ್ಲ. ನನಗೆ ಆಗಲೇ ಸಂಶಯ ಬರಬೇಕಿತ್ತು.

ಮರುದಿನ ವಾಸ್ತುಶಾಂತಿ. ಹೋಮದ ಹೊಗೆ ಕಣ್ಣಿಗೆ ಅಡರಿತ್ತು. ನಾನು ಹಿರಿಯ ಅಳಿಯನ ಗತ್ತಿನಲ್ಲಿ ಭಟ್ಟರ ಪಕ್ಕ ಕೂತು, ಶಲ್ಯದ ಮರೆಯಲ್ಲಿ ಆ್ಯಪ್ ತೆಗೆದು ನೋಡಿದೆ. ಬೀಗ ಹಾಕಿದ ನನ್ನ ಮನೆಯಲ್ಲಿ ಕರೆಂಟ್ ಖರ್ಚಾಗುತ್ತಿತ್ತು!

“ಜಯಂತಾ! ಮನ್ಯಾಗ ಕಳ್ಳರು!”

ತುಪ್ಪದ ಸೌಟು ಅರ್ಧಕ್ಕೇ ನಿಂತಿತು. “ಯಾವ ಮನ್ಯಾಗ್ರಿ? ಈ ಮನ್ಯಾಗೇನು?” ಎಂದು ಭಟ್ಟರು ತಮ್ಮ ಕೈಚೀಲವನ್ನು ತೊಡೆಯ ಕೆಳಗೆ ಎಳೆದುಕೊಂಡರು. ಬಂದ ಹೆಂಗಸರೆಲ್ಲ ಕೊರಳಿನ ಸರ ಮುಟ್ಟಿ ನೋಡಿಕೊಂಡರು.

ಜಯಂತ ಮೊಬೈಲ್ ಇಸಿದುಕೊಂಡು ನೋಡಿದ. “ಇದು ಫ್ಯಾನ್ ಇದ್ದಂಗ ಅದ, ಭಾವಾರ. ಕಳ್ಳಗ ಸೆಕಿ ಆಗಿರಬೇಕು ಬಿಡ್ರಿ.”

ನಗುವ ಹೊತ್ತೇ ಅದು? ನಾವು ನೋಡುತ್ತಿದ್ದಂತೆಯೇ ಗೆರೆ ಗಪ್ಪನೆ ಮೇಲೆದ್ದಿತು, ತುಸು ನಿಂತಿತು, ಇಳಿಯಿತು. ಮತ್ತೆ ಎದ್ದಿತು, ಮತ್ತೆ ಇಳಿಯಿತು. ನನಗೆ ಎಲ್ಲವೂ ತಿಳಿದುಹೋಯಿತು.

“ಡ್ರಿಲ್ ಮಷಿನ್! ಕಪಾಟು ಕೊರೀಲಿಕ್ಕೆ ಹತ್ಯಾನ!”

“ಕಪಾಟಿನ್ಯಾಗ ಏನದ?” ಎಂದಳು ಇಂದಿರಾಬಾಯಿ, ಕೋಸಂಬರಿಗೆ ಸೌತೆಕಾಯಿ ಹೆಚ್ಚುವುದನ್ನು ನಿಲ್ಲಿಸದೆ. “ನಿಮ್ಮ ಸ್ವೆಟರ್, ನನ್ನ ಹರಕ ಇಳಕಲ್ ಸೀರಿ. ಪಾಪ, ಕೊರಕೊಳ್ಳಲಿ. ಈಗ ಹೋಳಿಗಿ ಬಡಸೂ ಹೊತ್ತು, ಸುಮ್ನ ಕೂಡ್ರಿ.”

ಸುಮ್ಮನೆ ಕೂಡುವ ಗಂಡಸು ಬೇರೆ. ಪರಾತದ ತುಂಬ ಹೋಳಿಗೆ ಒಳಗಿನಿಂದ ಹೊರಗೆ ಬರುತ್ತಿದ್ದಾಗ ನಾನು ಒಳಗಿನಿಂದ ಹೊರಗೆ ಬಿದ್ದೆ. ತುಪ್ಪದ ವಾಸನೆ ಬಾಗಿಲವರೆಗೂ ಬೆನ್ನು ಹತ್ತಿತು. ಆದರೂ ತಿರುಗಿ ನೋಡಲಿಲ್ಲ. ಪಕ್ಕದ ಮನೆಗೆ ಒಂದು ಫೋನ್ ಮಾಡಬಾರದಿತ್ತೇ ಎಂದು ನೀವು ಕೇಳಬಹುದು. ಕೇಳಬೇಡಿ. (ಕೀಲಿ ಕೊಡದವನು ಯಾವ ಮುಖ ಹೊತ್ತು ಫೋನ್ ಮಾಡಬೇಕು?) ರೋಣದ ಬಸ್ಸಿನಲ್ಲಿ ಕೂತು ನೋಡಿದರೆ ಗೆರೆ ಮೇಲೇರಿ ಅಲ್ಲೇ ಕಾಲೂರಿ ನಿಂತಿತ್ತು. ಕಳ್ಳ ಈಗ ವೆಲ್ಡಿಂಗಿಗೆ ಕೈ ಹಾಕಿದ್ದ.

ನಮ್ಮ ಓಣಿ ಮುಟ್ಟಿದಾಗ ಎದುರಿಗೆ ಕಂಡದ್ದು ತೆರೆದ ಬಾಗಿಲು, ಹೊಸ್ತಿಲ ಹೊರಗೆ ಸಾಲಾಗಿ ಬಿಟ್ಟ ಚಪ್ಪಲಿಗಳು. ಇಷ್ಟು ಶಿಸ್ತಿನ ಕಳ್ಳರನ್ನು ನಾನು ಕಂಡಿರಲಿಲ್ಲ. ಛತ್ರಿಯನ್ನು ಕತ್ತಿಯಂತೆ ಹಿಡಿದು ಒಳಗೆ ನುಗ್ಗಿದೆ.

ಪಡಸಾಲೆಯ ನಡುವೆ ಮುಮತಾಜಬಿ ಕಾಲು ಚಾಚಿ ಕೂತು ನನ್ನ ಮಿಕ್ಸರಿನಲ್ಲಿ ಶೇಂಗಾ ಚಟ್ನಿ ತಿರುವುತ್ತಿದ್ದಳು. ಗೋಡೆಯ ಪಕ್ಕ ಒಬ್ಬಾಕೆ ಶಾಲೆಯ ಮಕ್ಕಳ ಅಂಗಿಗಳಿಗೆ ಇಸ್ತ್ರಿ ಹೊಡೆಯುತ್ತಿದ್ದಳು. ಇನ್ವರ್ಟರಿನ ಸುತ್ತ ಓಣಿಯ ಮೊಬೈಲುಗಳೆಲ್ಲ ಬಾಲ ಚುಚ್ಚಿಕೊಂಡು ಮಲಗಿದ್ದವು. ನನ್ನ ಮಂಚದ ಮೇಲೆ, ನನ್ನ ಫ್ಯಾನಿನ ಕೆಳಗೆ, ಎದುರು ಮನೆಯ ದಮ್ಮಿನ ರೋಗಿ ಗುರುಸಂಗಪ್ಪನವರು ಔಷಧದ ಹಬೆ ಬಿಡುವ ಮಷಿನ್ನು ಮೂಗಿಗೆ ಕಟ್ಟಿಕೊಂಡು ಕೂತಿದ್ದರು. ನನಗೆ ತಲೆ ಕೆಟ್ಟಿತು. ಸೀದಾ ಹೋಗಿ ಇನ್ವರ್ಟರಿನ ಬಟನ್ ಒತ್ತಿ ಎಲ್ಲವನ್ನೂ ಬಂದ್ ಮಾಡಿದೆ.

“ಯಾವಾಂವ ಅಂವ ಬಂದ್ ಮಾಡಿದಾಂವ?” ಗುರುಸಂಗಪ್ಪನವರು ಕನ್ನಡಕವಿಲ್ಲದ ಕಣ್ಣು ಕಿರಿದು ಮಾಡಿ ಗದರಿಸಿದರು. “ತಡೀ, ಮಾಲಕರಿಗೆ ಫೋನ್ ಹಚ್ತೀನಿ!”

“ಹಚ್ರಿ! ಧಾರಾಳ ಹಚ್ರಿ!” ಎಂದು ನಾನು ಎದೆ ಉಬ್ಬಿಸಿ ನನ್ನ ಮೊಬೈಲ್ ಕೈಯಲ್ಲಿ ಹಿಡಿದು ನಿಂತೆ. ಅದು ರಿಂಗಾಗಲಿಲ್ಲ. ಫೋನ್ ನರಗುಂದಕ್ಕೆ ಹೋಯಿತು.

“ಬಾಯಾರ, ಯಾವನೋ ಒಬ್ಬಾಂವ ಛತ್ರಿ ಹಿಡಕೊಂಡು ಬಂದು ಕರೆಂಟ್ ಬಂದ್ ಮಾಡ್ಯಾನ್ರಿ.”

ಸ್ಪೀಕರಿನಲ್ಲಿ ಇಂದಿರಾಬಾಯಿಯ ದನಿ ಓಣಿಗೆಲ್ಲ ಕೇಳಿತು. “ಅವರು ನಮ್ಮನಿಯವರೇ, ಗುರುಸಂಗಪ್ಪನವರ. ಆ ಬಟನ್ ಮುಟ್ಟಬ್ಯಾಡ್ರಿ ಅಂತ ಹೇಳ್ರಿ. ಉಂಡಿಲ್ಲ, ಅದಕ್ಕ ಸಿಟ್ಟಿಗೆದ್ದಾರ.”

ಅಷ್ಟರಲ್ಲಿ ಗುರುಸಂಗಪ್ಪನವರ ಎದೆಯೊಳಗಿಂದ ಸುಂಯ್ ಸುಂಯ್ ಎಂದು ಸೀಟಿ ಶುರುವಾಯಿತು. ನನ್ನ ಕೈ ತಾನಾಗಿಯೇ ಹೋಗಿ ಮತ್ತೆ ಬಟನ್ ಒತ್ತಿತು. ಇದನ್ನು ಶರಣಾಗತಿ ಎಂದು ಯಾರಾದರೂ ಕರೆದರೆ ನಾನು ಒಪ್ಪುವುದಿಲ್ಲ. ಮಂಚ ನನ್ನದು, ಅದರ ಮೇಲೆ ಹೆಚ್ಚುಕಡಿಮೆ ಆದರೆ ಜವಾಬ್ದಾರಿ ಯಾರದು?

“ನಿನ್ನೆ ನೀವು ಹ್ವಾದ ಗಳಿಗ್ಗೆ ಟಿ.ಸಿ. ಸುಟ್ಟತ್ರಿ, ರಾಯರ,” ಎಂದಳು ಮುಮತಾಜಬಿ. ಟಿ.ಸಿ. ಎಂದರೆ ಓಣಿಯ ತುದಿಯ ಟ್ರಾನ್ಸ್‌ಫಾರ್ಮರ್. “ಓಣಿ ತುಂಬ ಕತ್ತಲಿ. ಗುರುಸಂಗಪ್ಪ ಕಾಕಾರಿಗೆ ಉಸರಾಡಾಕ ಆಗವಲ್ದಾಗಿತ್ತು. ಬಾಯಾರಿಗೆ ಫೋನ್ ಮಾಡಿದೆ, ಕೀಲಿ ತಗೀ ಅಂದ್ರು.”

“ಯಾವ ಕೀಲಿ? ಎರಡೂ ನನ್ನ ಜನಿವಾರದಾಗ ಅವ!”

“ಮೂರನೇದು ಹ್ವಾದ ವರ್ಷನ ಕೊಟ್ಟಾರ್ರಿ. ಓಣ್ಯಾಗ ಎಲ್ಲಾರ ಕೀಲಿ ನನ್ನ ಮೊಳಿಗೆ ಅದಾವು. ನಿಮ್ದೊಂದು ಇರಲಿಲ್ಲಂದ್ರ ಛಂದ ಕಾಣತಿತ್ತೇನ್ರಿ?”

ಫಲಕಗಳಾದರೂ ನೆಟ್ಟಗಿವೆಯೇ ಎಂದು ನೋಡಲು ಮಾಳಿಗೆ ಹತ್ತಿದೆ. ಅಲ್ಲಿ ಹಾಸಿದ ಸೀರೆಯ ಮೇಲೆ ಹಪ್ಪಳ. ಪಕ್ಕದಲ್ಲಿ ನನ್ನ ಫಲಕಗಳು ಹೊಸ ಅಳಿಯನ ಬೂಟಿನ ಹಾಗೆ ಮಿರಿಮಿರಿ ಮಿಂಚುತ್ತಿದ್ದವು. ಹಿಂದೆಯೇ ಬಂದ ಮುಮತಾಜಬಿ ಹೆಮ್ಮೆಯಿಂದ ಹೇಳಿದಳು: “ಮುಂಜಾನಿ ತಂಪಿನ್ಯಾಗ ತೊಳದ್ವಿ, ರಾಯರ. ಎಷ್ಟ ಮಣ್ಣ ಇತ್ತ್ರೀ! ಗಾಳಿ ಬಿಟ್ರ ಎಲ್ಲಾ ಹಪ್ಪಳಕ್ಕ ಬೀಳಾಕತ್ತಿತ್ತು.”

ನೀರು! ನನ್ನ ಫಲಕಗಳಿಗೆ ನೀರು! ಆ್ಯಪ್ ತೆಗೆದೆ. ಕರೆಂಟ್ ಹುಟ್ಟುವ ಗೆರೆ ಇತ್ತಲ್ಲ, ಅದು ನಾನು ಸೋಲಾರ್ ಹಾಕಿಸಿದಂದಿನಿಂದ ಎಂದೂ ಕಾಣದ ಎತ್ತರಕ್ಕೆ ಏರಿ ನಿಂತಿತ್ತು. ನಾನು ಕಾವಲಿದ್ದ ಒಂದು ದಿನವೂ ಅದು ಅಷ್ಟು ಮೇಲೆ ಹೋಗಿರಲಿಲ್ಲ. “ಇವತ್ತು ಬಿಸಿಲು ಜೋರದ,” ಎಂದೆ. ಈಗಲೂ ಹಾಗೇ ಎನ್ನುತ್ತೇನೆ.

ಕೆಳಗಿಳಿದರೆ ಕೂಡಲು ಜಾಗವಿಲ್ಲ. ಮಂಚ ಗುರುಸಂಗಪ್ಪನವರದು, ಕುರ್ಚಿ ಇಸ್ತ್ರಿ ಅಂಗಿಗಳದು, ಚಾಪೆ ಚಟ್ನಿಯದು. “ಐದು ದಿನ ಅಂದಿದ್ರಲ್ಲ ಬಾಯಾರು? ನರಗುಂದದ ಬಸ್ಸು ಇನ್ನೂ ಐತ್ರಿ,” ಎಂದಳು ಮುಮತಾಜಬಿ, ಬಿಸಿ ಚಟ್ನಿಯ ಪೊಟ್ಟಣ ಕೈಗಿಡುತ್ತ. ನನ್ನನ್ನು ನನ್ನ ಮನೆಯಿಂದಲೇ ಬಸ್ಸು ಹತ್ತಿಸಿ ಕಳಿಸಿದರು ಎಂದು ಆಡಿಕೊಳ್ಳುವವರಿದ್ದಾರೆ. ಶುದ್ಧ ಸುಳ್ಳು. ನಾನು ನನ್ನ ಸ್ವಂತ ಕಾಲ ಮೇಲೆ ನಡೆದು ಹೋಗಿ ಬಸ್ಸು ಹತ್ತಿದೆ. ಅವರು ಬರೀ ನಿಲ್ದಾಣದವರೆಗೆ ಬಂದು ಸೀಟು ಹಿಡಿದುಕೊಟ್ಟರು.

ಬಸ್ಸು ಊರು ದಾಟುವಾಗ ಮೊಬೈಲ್ ರಿಂಗಾಯಿತು. ಗುರುಸಂಗಪ್ಪನವರು. ಉಸಿರು ಈಗ ಸಲೀಸಾಗಿತ್ತು, ದನಿಯಲ್ಲಿ ಮನೆಯ ಹಿರಿಯನ ವಾತ್ಸಲ್ಯವಿತ್ತು.

“ರಾಯರ, ಒಂದ ಮಾತ್ರಿ. ಇನ್ನೊಮ್ಮಿ ಬರೂ ಮುಂಚೆ ಒಂದ ಫೋನ್ ಮಾಡಿ ಬರ್ರಿ. ಒಮ್ಮಿಗೇ ಬಂದ್ರ ನಿಮಗ ಕೂಡಾಕ ಜಾಗ ಆಗಂಗಿಲ್ಲ.”

ನನ್ನ ಮನೆಗೆ ನಾನು ಬರಲು ಯಾರಿಗೆ ಫೋನ್ ಮಾಡಬೇಕು ಎಂದು ಇಡೀ ಬಸ್ಸು ಬೆಚ್ಚಿಬೀಳುವಂತೆ ಗುಡುಗಬೇಕೆಂದು ಬಾಯಿ ತೆರೆದೆ.

“ಆಗ್ಲಿರಿ,” ಎಂದೆ.