ಶಮಾಳ ಕಣ್ಣಿನ ಮೂಲೆ ತೆರೆದ ಡಾಕ್ಟರ ಸಾಹೇಬರಿಗೆ

ಅಥಣಿ ರಸ್ತೆಯ ಕಣ್ಣಿನ ದವಾಖಾನೆಯ ಡಾಕ್ಟರ ಸಾಹೇಬರಿಗೆ, ಜಲನಗರದ ನಿವೃತ್ತ ಶಾಲಾ ಶಿಕ್ಷಕಿ ಮಾಬುಬಿಯ ಅನಂತ ಸಲಾಮುಗಳು.

ಮಾನ್ಯರೇ,

ತಾವು ಕ್ಷೇಮವೆಂದು ತಮ್ಮ ಬೋರ್ಡಿನ ಮೇಲಿನ ನಗುಮುಖದಿಂದ ತಿಳಿದು ಸಂತೋಷವಾಯಿತು. ನನ್ನ ತಮ್ಮ ಗುಡುಸಾಬನ ಮಗಳು ಶಮಾ ಚಷ್ಮಾದ ನಂಬರು ತೋರಿಸಲು ಬಂದಾಗ, ಅವಳ ಕಣ್ಣಿನ ಒಳಮೂಲೆಯನ್ನು ಚರ್ಮದ ಸಣ್ಣ ಮಡಿಕೆಯೊಂದು ಮುಚ್ಚಿದೆಯೆಂದೂ, ಅದನ್ನು ಕತ್ತರಿಸಿ ಹೊಲಿದರೆ ಕಣ್ಣು ದೊಡ್ಡದಾಗಿ ಮುಖಕ್ಕೆ ಕಳೆ ಬರುತ್ತದೆಂದೂ ತಾವು ಕಂಡುಹಿಡಿದಿರಿ. ಆ ಮಡಿಕೆ ನಮ್ಮ ಅವ್ವನಿಗಿತ್ತು, ತಮ್ಮನಿಗಿದೆ, ನನಗೂ ಇದೆ. ಮನೆತನದ ಗುರುತೆಂದು ಇಷ್ಟು ವರ್ಷ ನಂಬಿದ್ದ ನಮಗೆ ಅದು ರೋಗವೆಂದು ತಿಳಿಸಿಕೊಟ್ಟ ತಮ್ಮ ವಿದ್ವತ್ತಿಗೆ ಏನೆನ್ನಲಿ! ಹುಡುಗಿಯೂ ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡಂತೆ ತಮ್ಮ ಕತ್ತರಿಗೆ ಕಣ್ಣು ಒಡ್ಡಿದಳು. ಅವಳ ಮೇಲೂ ನನಗೆ ಸಿಟ್ಟಿದೆ. ಆದರೆ ಅವಳದು ತಿಳಿಯದ ವಯಸ್ಸು, ತಮ್ಮ ತಲೆ ನರೆತಿದೆ.

ಕಣ್ಣು ದೊಡ್ಡದಾದದ್ದು ನಿಜ. ಜೊತೆಗೆ ಕಣ್ಣೀರು ಒಳಗಿಳಿಯುವ ದಾರಿಯೂ ಮುಚ್ಚಿ, ಬಲಗಣ್ಣು ಹಗಲಿಡೀ ಸೋರುತ್ತಿದೆ. ತಾವು "ಹೊಸ ಕಣ್ಣಲ್ಲೇನವ್ವಾ, ರೂಢಿ ಆಗತೈತಿ" ಎಂದು ಮುಲಾಮು ಬರೆದುಕೊಟ್ಟು ಕೈತೊಳೆದುಕೊಂಡಿರಿ.

ಕಳೆದ ರವಿವಾರ ತಿಕೋಟಾದಿಂದ ಜುಬೇರನ ಮನೆಯವರು ಹೆಣ್ಣು ನೋಡಲು ಬಂದರು. ಶಮಾಳೇ ಮೆಚ್ಚಿದ ಹುಡುಗ. ಪದ್ಧತಿಯಂತೆ ಬಾಯಿಗೆ ಸಕ್ಕರೆ ಇಡಲು ಹುಡುಗನ ತಾಯಿ ರಾಜಬಿ ಗದ್ದ ಹಿಡಿದು ಮುಖ ಎತ್ತಿದರೆ, ಕೆನ್ನೆಯ ತುಂಬ ನೀರು! ಆ ದೊಡ್ಡ ಮನಸ್ಸಿನ ಹೆಂಗಸು ಸಕ್ಕರೆಯನ್ನು ತಟ್ಟೆಗೆ ಮರಳಿಸಿ, ತಮ್ಮ ಸೆರಗಿನಿಂದಲೇ ಅವಳ ಕಣ್ಣೊರೆಸಿ, "ಒಲ್ಲದ ಕೂಸಿನ್ನ ಒತ್ತಾಯ ಮಾಡಿ ಕುಂಡ್ರಿಸೀರಿ, ಈ ಪಾಪ ನಮಗ ಬ್ಯಾಡ್ರಿ" ಎಂದು ಎದ್ದುಬಿಟ್ಟರು. "ನಾ ಒಲ್ಲೆ ಅಂದಿಲ್ಲರಿ" ಎಂದು ಶಮಾ ಅಂಗಲಾಚುವಷ್ಟರಲ್ಲಿ ಎಡಗಣ್ಣೂ ಸುರಿಯತೊಡಗಿ, ಅವರ ಸಂಶಯ ಗಟ್ಟಿಯಾಯಿತು. ಅಂದಿನಿಂದ ಹುಡುಗಿ ಊಟ ಬಿಟ್ಟಿದ್ದಾಳೆ.

ಆದ್ದರಿಂದ ತಾವು ಬಿಳಿ ಕೋಟು ಧರಿಸಿ ತಿಕೋಟಾಕ್ಕೆ ಹೋಗಿ, ರಾಜಬಿಯವರ ಅಂಗಳದಲ್ಲಿ ನಿಂತು, ಆ ಕಣ್ಣೀರು ಹುಡುಗಿಯದಲ್ಲ, ತಮ್ಮದೆಂದು ಹಿರಿಯರೆದುರು ಸಾರಬೇಕಾಗಿ ವಿನಂತಿ. ಅದಾಗದಿದ್ದರೆ ಕತ್ತರಿಸಿದ ಎಳ್ಳಿನಷ್ಟು ಚರ್ಮವನ್ನು ಹುಡುಕಿ, ಇದ್ದಲ್ಲಿಯೇ ಕೂಡಿಸಬೇಕು. ಅಳತೆಗೆ ನನ್ನ ಕಣ್ಣು ಬೇಕಿದ್ದರೆ ಬಂದು ಕೂಡುತ್ತೇನೆ, ಕತ್ತರಿಯನ್ನು ಮಾತ್ರ ದೂರವಿಡಿ.

ಚೂರುಪಾರು ವಿಶ್ವಾಸ ಉಳಿಸಿಕೊಂಡಿರುವ ತಮ್ಮ ವಿಶ್ವಾಸಿ,
ಮಾಬುಬಿ

ತಾ.ಕ.: ಇಂದು ಮುಂಜಾನೆ ಶಮಾ ತಾನೇ ರಾಜಬಿಯವರಿಗೆ ಫೋನು ಮಾಡಿ, ಅದು ಸೋರುವ ಕಣ್ಣೆಂದೂ ಹುಡುಗ ತನಗೆ ಒಪ್ಪಿಗೆಯೆಂದೂ ಹೇಳಿದಳು. ಮುಖ ಕಾಣದ ಕಾರಣ ಅವರು ಮಾತನ್ನು ನಂಬಿದರು. ಶುಕ್ರವಾರ ಮತ್ತೆ ಬರುತ್ತಾರೆ. ತಮಗಿನ್ನು ತಿಕೋಟಾಕ್ಕೆ ಹೋಗುವ ಶ್ರಮ ಬೇಡ, ನಿಕಾಹಕ್ಕೆ ಬನ್ನಿ. ಹುಡುಗಿಯನ್ನು ಕಳಿಸಿಕೊಡುವಾಗ ಅವಳು ನಿಜವಾಗಿ ಅಳುತ್ತಾಳೆ. ಅವಳ ಕೆನ್ನೆಯ ನೀರಿನಲ್ಲಿ ತಮ್ಮ ಪಾಲು ಯಾವುದೋ ಆರಿಸಿಕೊಂಡು ಒಯ್ಯಿರಿ.